ಗೇಟಿಗೆ ಅಡ್ಡ

"ಚೀಲ ಬಗ್ಗಿಸು. ಪೂರ್ತಿ ಬಗ್ಗಿಸು ಅಂದೆ. ಕಿವಿ ಕೇಳಲ್ವಾ ನಿಂಗೆ?"

ಡಬ್ಬಿ ಅರಚಿತು. ಸೊಸೆ ಗೇಟಿನ ಮುಂದಿನ ಸಿಮೆಂಟಿನ ಮೇಲೆ ಚೀಲವನ್ನು ಬೋರಲು ಹಾಕಿದಳು. ಬಟ್ಟೆ ಸೋಪು, ಉಪ್ಪಿನ ಪೊಟ್ಟಣ, ಈರುಳ್ಳಿ, ಅತ್ತೆಯ ಎದೆನೋವಿನ ಮಾತ್ರೆ. ಈರುಳ್ಳಿಯೊಂದು ಉರುಳಿಕೊಂಡು ರಸ್ತೆಗಿಳಿಯಿತು.

"ಆ ಮಾತ್ರೆ ಯಾರದು?"

"ನಮ್ಮತ್ತೇದು ಸಾರ್. ಆಗಾಗ ಎದೆ ಹಿಡ್ಕೊಳುತ್ತೆ."

"ಎದೆ ಹಿಡಿದ್ರೆ ಎಲ್ಲಾದ್ರೂ ಕಳ್ಸು. ನಾನೇನು ಆಸ್ಪತ್ರೆ ಇಟ್ಟಿದೀನಾ? ಕೆಮ್ಮಿಕೊಂಡು ಗೆಸ್ಟ್ ಮುಂದೆ ಬಂದ್ರೆ ಅಷ್ಟೇ."

"ಬರಲ್ಲ ಸಾರ್. ಹಿಂದೇನೇ ಇರ್ತಾರೆ."

"ಎತ್ಕೊ. ಆ ಈರುಳ್ಳೀನೂ ಎತ್ಕೊ. ಗೇಟಿನ ಮುಂದೆ ಕಸ ಬಿತ್ತು ಅಂದ್ರೆ ಫೋಟೋದಲ್ಲಿ ಕಾಣುತ್ತೆ."

ಅವಳು ರಸ್ತೆಗೆ ಹೋಗಿ ಈರುಳ್ಳಿ ಎತ್ತಿಕೊಂಡು ಬರುವವರೆಗೂ ಡಬ್ಬಿ ಕಾದುಕೊಂಡಿತ್ತು. ಆಮೇಲೆ ಗೇಟು ಗರಗರ ಸರಿದು, ಒಬ್ಬ ಮನುಷ್ಯ ಅಡ್ಡಡ್ಡಲಾಗಿ ತೂರುವಷ್ಟು ಸಂದಿ ಬಿಟ್ಟು ನಿಂತಿತು. ಕಾರುಗಳಿಗೆ ಆ ಗೇಟು ಪೂರ್ತಿ ತೆರೆಯುತ್ತಿತ್ತು. ಇವರಿಗೆ ಇಷ್ಟೇ.

ಕಂಬದಲ್ಲಿದ್ದ ಆ ಡಬ್ಬಿ ಸೋಪಿನ ಪೆಟ್ಟಿಗೆಗಿಂತ ದೊಡ್ಡದೇನಲ್ಲ. ಒಂದು ಗಾಜಿನ ಕಣ್ಣು, ಅದರ ಕೆಳಗೆ ಜರಡಿಯಂಥ ಬಾಯಿ, ಪಕ್ಕದಲ್ಲಿ ಕರೆಯುವ ಗುಂಡಿ. ಗೇಟಿನ ಹೊರಗೊಂದು, ಒಳಗೊಂದು. ಮನೆಯ ಮಾಲೀಕ ಇದ್ದದ್ದು ಎಂಟು ಗಂಟೆ ದಾರಿಯಾಚೆಯ ದೊಡ್ಡ ಊರಿನಲ್ಲಿ. ರಜೆ ಕಳೆಯಲು ಬರುವವರಿಗೆ ಬಾಡಿಗೆಗೆ ಬಿಡುವ ಈ ಮನೆಯನ್ನು ಅವನು ಅಲ್ಲಿ ಕೂತು ಫೋನಿನಿಂದಲೇ ನಡೆಸುತ್ತಿದ್ದ. ಗೇಟು ತೆಗೆಯುವುದು, ಮುಚ್ಚುವುದು, ಹುಲ್ಲಿಗೆ ನೀರು ಬಿಟ್ಟರೋ ಇಲ್ಲವೋ ನೋಡುವುದು, ಬೈಯುವುದು, ಎಲ್ಲವೂ ಅಲ್ಲಿಂದಲೇ. ಇವರನ್ನು ಕೆಲಸದಲ್ಲಿ ಉಳಿಸಿಕೊಂಡದ್ದೂ ಡಬ್ಬಿಯ ಮೂಲಕವೇ. ಮುಖ ಕಂಡವರಿಲ್ಲ.

"ದೇವರಿಗಾದ್ರೂ ಒಂದು ಕಲ್ಲು ನಿಲ್ಸಿರ್ತಾರೆ. ಇವನಿಗೆ ಅದೂ ಇಲ್ವಲ್ಲೇ," ಎಂದು ಅತ್ತೆ ನಗುತ್ತಿದ್ದಳು. ಅವನಿಗೆ ಡಬ್ಬಿಸಾಹುಕಾರ ಎಂದು ಹೆಸರಿಟ್ಟವಳು ಅವಳೇ.

ಮನೆಯ ಹಿಂದೆ, ನೀರಿನ ಪಂಪಿಗೆ ಒತ್ತಿಕೊಂಡ ಒಂದೇ ಕೋಣೆಯಲ್ಲಿ ಮೂವರ ಸಂಸಾರ. ಎಲ್ಲರಿಗಿಂತ ಮೊದಲು ಅಲ್ಲಿಗೆ ಬಂದವಳು ಅತ್ತೆ. ಹಿಂದಿನ ಧಣಿ ಮನೆ ಮಾರಿದಾಗ, ಬಾವಿ ಮಾರಿದರೆ ಕಪ್ಪೆಯೂ ಸೇರಿ ಹೋಗುವಂತೆ, ಅವಳೂ ಮನೆಯ ಜೊತೆಗೇ ಹೋದಳು. ಹಾಸಿಗೆಯ ಹೊದಿಕೆ ಒಗೆಯುವುದು, ಇಸ್ತ್ರಿ ಮಾಡುವುದು ಅವಳ ಪಾಲು. ಕೋಣೆಗಳನ್ನು ಗುಡಿಸಿ ಒರೆಸಿ, ಹಾಸಿಗೆ ಹಾಸಿ, ಪ್ರತಿ ಕೋಣೆಯ ಫೋಟೋ ತೆಗೆದು ಕಳಿಸುವುದು ಸೊಸೆಯ ಪಾಲು. ಹುಲ್ಲು, ಈಜುಕೊಳ, ಮೋರಿ, ಕಕ್ಕಸು ಇವೆಲ್ಲ ಅವಳ ಗಂಡನದು. ಅವನಿಗೆ ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ. ಹಾಗಾಗಿ ಮೂಗ.

ಕೆಲಸಕ್ಕೆ ಇದ್ದ ನಿಯಮ ಒಂದೇ. ಬಾಡಿಗೆಗೆ ಬಂದವರು ಇರುವಷ್ಟು ಹೊತ್ತೂ ಇವರು ಯಾರ ಕಣ್ಣಿಗೂ ಬೀಳಕೂಡದು. ಹಾಸಿಗೆ ತಾನೇ ಹಾಸಿಕೊಂಡ ಹಾಗಿರಬೇಕು, ಕಸ ತಾನೇ ನಡೆದು ಹೋದ ಹಾಗಿರಬೇಕು. ಇವರ ಓಡಾಟಕ್ಕೆಂದೇ ಕಾಂಪೌಂಡಿನ ಗೋಡೆಗುಂಟ, ಆಳೆತ್ತರದ ಬೇಲಿಗಿಡದ ಮರೆಯಲ್ಲಿ, ಗೇಟಿನವರೆಗೂ ಒಂದು ಕಾಲುದಾರಿ ಇತ್ತು. ಮೊದಲು ಅದರ ತುದಿಯಲ್ಲಿ ಚಿಕ್ಕ ಬಾಗಿಲೂ ಇತ್ತು. ಒಮ್ಮೆ ಯಾರದೋ ಕೈಗಡಿಯಾರ ಕಾಣೆಯಾಯಿತೆಂದು ಡಬ್ಬಿ ಆ ಬಾಗಿಲಿಗೆ ವೆಲ್ಡಿಂಗ್ ಹಾಕಿಸಿತು. ಗಡಿಯಾರ ಅವರ ಕಾರಿನ ಸೀಟಿನಡಿಯಲ್ಲೇ ಸಿಕ್ಕಿತಂತೆ. ವೆಲ್ಡಿಂಗ್ ಹಾಗೇ ಉಳಿಯಿತು. ಅಂದಿನಿಂದ ಉಪ್ಪು ತರಲು ಹೋಗುವುದಿದ್ದರೂ ಗುಂಡಿ ಒತ್ತಿ, ಡಬ್ಬಿಗೆ ಮುಖ ತೋರಿಸಿ, ಗೇಟು ತೆರೆಯಲೆಂದು ಕಾಯಬೇಕು.

ಕಳೆದ ಬೇಸಿಗೆಯಲ್ಲಿ ಮೂಗ ಬರಿಮೈಯಲ್ಲಿ ಮೋರಿ ಬಳಿಯುತ್ತಿದ್ದದ್ದು ಕಿಟಕಿಯಿಂದ ಬಾಡಿಗೆಯವರಲ್ಲಿ ಒಬ್ಬಳ ಕಣ್ಣಿಗೆ ಬಿತ್ತು. ಅವಳು ಹೋಗುವಾಗ ಫೋನಿನಲ್ಲಿ ಮನೆಗೆ ಒಂದು ಸ್ಟಾರ್ ಕಮ್ಮಿ ಕೊಟ್ಟು ಹೋದಳು. ಡಬ್ಬಿ ಮೂಗನನ್ನು ಕರೆಸಿತು.

"ಮಂಡಿ ಊರು. ಕೈ ಮೇಲೆತ್ತು. ನಾನು ಹೇಳೋವರೆಗೂ ಏಳ್ಬೇಡ."

ಅಷ್ಟು ಹೇಳಿ ಅವನು ಮರೆತ. ಊಟಕ್ಕೆ ಹೋದನೋ, ನಿದ್ದೆಗೆ ಹೋದನೋ. ಸಂಜೆ ಅತ್ತೆ ಬಟ್ಟೆ ಮಡಚಿಟ್ಟು ಹುಡುಕಿಕೊಂಡು ಬಂದಾಗ ಮೂಗ ಇನ್ನೂ ಸಿಮೆಂಟಿನ ಮೇಲೆ ಮಂಡಿಯೂರಿಕೊಂಡೇ ಇದ್ದ. ಕೈ ಇಳಿದಿರಲಿಲ್ಲ.

"ಏಳೋ ಮುಂಡೇದೇ! ಅವನು ಉಂಡು, ಹೂಸು ಬಿಟ್ಟು, ಮಲಗಿ ಎದ್ದಿರ್ತಾನೆ. ಯಾರಿಗೋ ಕೈ ಎತ್ಕೊಂಡು ಕೂತಿದೀಯಲ್ಲೋ ನನ್ನ ಹೊಟ್ಟೇಲಿ ಹುಟ್ಟಿ!"

ಮಗನನ್ನು ಎಳೆದು ಎಬ್ಬಿಸಿದವಳು ತಿರುಗಿ, ಡಬ್ಬಿಯ ಗಾಜಿನ ಕಣ್ಣಿಗೆ ಥೂ ಎಂದು ಉಗಿದಳು. ಉಗಿದದ್ದನ್ನು ಸೊಸೆ ಓಡಿಬಂದು ಒರೆಸಿದಳು. ತಲೆಯ ಮೇಲಿನ ಸೂರು ಆ ಡಬ್ಬಿಯ ಬಾಯಲ್ಲಿತ್ತು. ಅದು ಸೊಸೆಗೆ ಗೊತ್ತಿತ್ತು, ಮೂಗನಿಗೂ ಗೊತ್ತಿತ್ತು. ಅತ್ತೆಗೂ ಗೊತ್ತಿಲ್ಲದ್ದೇನಲ್ಲ.

*

ಈ ಸಲ ಬಂದವರದು ದೊಡ್ಡ ಗುಂಪು, ಮೂರು ಕಾರು. ಯಾರದೋ ನಲವತ್ತನೆಯ ಹುಟ್ಟುಹಬ್ಬ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಲ್ಲಿನ ಮೇಲೆ ಬಲೂನು ಕಟ್ಟಿ, ಹಾಡು ಹಚ್ಚಿ, ಕುಣಿಯಲು ನಿಂತಿದ್ದರು. ಮನೆಯ ಹಿಂದೆ ಅತ್ತೆ ಸೊಸೆ ಒಗೆದ ಹೊದಿಕೆ ಹಿಂಡುತ್ತಿದ್ದರು. ಇಬ್ಬರು ಮಲಗುವ ಹಾಸಿಗೆಯ ಹೊದಿಕೆಯನ್ನು ಒಬ್ಬರೇ ಹಿಂಡಲಾಗದು. ಎರಡು ತುದಿ ಇಬ್ಬರು ಹಿಡಿದು, ಒಬ್ಬಳು ಬಲಕ್ಕೆ, ಒಬ್ಬಳು ಎಡಕ್ಕೆ ತಿರುಚಬೇಕು.

"ಗಟ್ಟಿ ತಿರುಚೇ. ಡಬ್ಬಿಸಾಹುಕಾರನ ಕತ್ತು ಅಂದ್ಕೊಂಡು ತಿರುಚು," ಎಂದಳು ಅತ್ತೆ.

"ಕತ್ತು ಇದ್ರಲ್ವಾ ಅತ್ತೆ ತಿರುಚೋಕೆ? ಬರೀ ಬಾಯಿ ಅಲ್ವಾ ಅವ್ನು?"

ಅತ್ತೆ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಹೊದಿಕೆಯ ಎದುರು ತುದಿ ಸಡಿಲಾಯಿತು.

"ಏನತ್ತೇ, ಬಿಟ್ಟೇಬಿಟ್ರಾ?"

ಅತ್ತೆ ಸೋಪಿನ ನೀರಿನಲ್ಲಿ ಕೂತುಬಿಟ್ಟಿದ್ದಳು. ಒಂದು ಕೈ ಎದೆಯ ಮೇಲೆ. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ.

ಸೊಸೆ ನಾಲಿಗೆಯಡಿ ಮಾತ್ರೆ ಇಟ್ಟಳು. ಮೂಗ ಹಾಲಿನ ವ್ಯಾನಿನವನಿಗೆ ಫೋನು ಮಾಡಿದ. ಆ ಬೀದಿಯಲ್ಲಿ ಇವರು ಕರೆದರೆ ಬರುವ ಗಾಡಿ ಅದೊಂದೇ. ಹಿಂಡಿದ ಹೊದಿಕೆಯನ್ನೇ ಬಿಚ್ಚಿ, ಅದರ ಮೇಲೆ ಅತ್ತೆಯನ್ನು ಮಲಗಿಸಿ, ಗಂಡ ಹೆಂಡತಿ ನಾಲ್ಕು ಮೂಲೆ ಹಿಡಿದು ಬೇಲಿಗಿಡದ ಮರೆಯಲ್ಲಿ ಬಗ್ಗಿಕೊಂಡು ಓಡಿದರು. ಅವಳ ಜೀವ ಹೋಗುತ್ತಿರುವಾಗಲೂ ಬಗ್ಗಿಕೊಂಡೇ ಓಡಿದರು. ರೂಢಿ.

ವ್ಯಾನು ಆಗಲೇ ಗೇಟಿನ ಹೊರಗೆ ಬಂದು ನಿಂತಿತ್ತು. ಸೊಸೆ ಒಳಗಿನ ಡಬ್ಬಿಯ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು.

"ಏನು?"

"ಸಾರ್, ಗೇಟು ತೆಗೀರಿ. ಅತ್ತೆಗೆ ಎದೆ ಹಿಡ್ಕೊಂಡಿದೆ. ಆಸ್ಪತ್ರೆಗೆ ಹೋಗ್ಬೇಕು, ವ್ಯಾನು ಬಂದಿದೆ ಸಾರ್."

"ಈಗಾ? ಈಗ ಆಗಲ್ಲ. ಅವರು ವಿಡಿಯೋ ಮಾಡ್ತಾ ಇದಾರೆ. ನಾನು ಇಲ್ಲಿ ನೋಡ್ತಾ ಇದೀನಿ, ಹಿಂದುಗಡೆ ಪೂರ್ತಿ ಗೇಟೇ ಬರ್ತಿದೆ. ಕೇಕ್ ಕತ್ತರಿಸಿ ಆಗ್ಲಿ."

"ಮುಖ ನೀಲಿಯಾಗಿದೆ ಸಾರ್!"

"ನೀನು ಡಾಕ್ಟ್ರಾ? ನೀರು ಕುಡ್ಸು. ಹೋದ ಸಲಾನೂ ಹಿಂಗೇ ಕುಣಿದ್ರಿ. ಆಮೇಲೆ ಗ್ಯಾಸು ಅಂದ್ರಿ."

ಹೊರಗಿನಿಂದ ವ್ಯಾನಿನವನು ಗೇಟು ಗುದ್ದಿದ. "ಯಾವನೋ ಅವನು ಬೋಳಿಮಗ! ಮುದುಕಿ ಸಾಯ್ತಿದೆ, ತೆಗಿಯೋ!"

"ಯಾರದು? ಬಾಯಿ ಮುಚ್ಸು ಅವನನ್ನ. ಗೆಸ್ಟ್‌ಗೆ ಕೇಳ್ಸುತ್ತೆ."

"ಸಾರ್, ಕಾಲಿಗೆ ಬೀಳ್ತೀನಿ. ಒಂದು ಸಂದಿ ಬಿಡಿ ಸಾರ್. ಎಳ್ಕೊಂಡಾದ್ರೂ ಹೋಗ್ತೀವಿ."

"ಹತ್ತು ನಿಮಿಷ ಅಂದೆ ತಾನೆ?"

ಬೇಲಿಗಿಡದಾಚೆ ಹಾಡು, ಚಪ್ಪಾಳೆ. ಗೇಟಿನ ಹೊರಗಿನ ಕೂಗು ಅಲ್ಲಿಗೆ ಮುಟ್ಟಿರಲಿಲ್ಲ. ಎಲೆಗಳ ಸಂದಿಯಿಂದ ಅವರ ಕಾಲುಗಳು ಕಾಣುತ್ತಿದ್ದವು. ಸೊಸೆ ಎದ್ದಳು. "ನಾನು ಅವರನ್ನೇ ಕೇಳ್ತೀನಿ," ಎಂದು ಬೇಲಿಯ ತುದಿಗೆ ಹೋದಳು.

"ಏಯ್! ಇನ್ನೊಂದು ಹೆಜ್ಜೆ ಇಟ್ಟೋ, ಇವತ್ತೇ ಗಂಟುಮೂಟೆ ಕಟ್ಟಿ ರೋಡಿಗೆ ಹಾಕಿಸ್ತೀನಿ. ಮೂರು ಜನಾನೂ. ಕಾಣ್ತಾ ಇದೀಯ ನೀನು ನಂಗೆ, ನೆನಪಿರ್ಲಿ."

ಮೂಗ ಅವಳ ರಟ್ಟೆ ಹಿಡಿದುಕೊಂಡ. ಅವನು ಹಿಡಿದದ್ದರಿಂದ ನಿಂತಳು ಎಂದು ಆಮೇಲೆ ಯಾರೂ ಅನ್ನುವಂತಿರಲಿಲ್ಲ, ಹಿಡಿತ ಅಷ್ಟು ಬಿಗಿ ಇರಲಿಲ್ಲ. ಅವಳ ಕಾಲು ತಾನಾಗಿಯೇ ನಿಂತಿತು. ಹಿಂದಕ್ಕೆ ಬಂದು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಅತ್ತೆ ಕಣ್ಣು ಬಿಟ್ಟಳು. "ಗೇಟು ತೆಗೆದ್ನೇನೇ?"

"ತೆಗೀತಾನೆ ಅತ್ತೆ. ಈಗ ತೆಗೀತಾನೆ."

ಆಚೆ ಒಂದು ಬಲೂನು ಒಡೆಯಿತು. ಎಲ್ಲರೂ ಹೋ ಎಂದು ಕೂಗಿದರು. ಅತ್ತೆ ಕಣ್ಣು ಮುಚ್ಚಲಿಲ್ಲ. ಆದರೆ ಆ ಕಣ್ಣು ಆಮೇಲೆ ಏನನ್ನೂ ನೋಡುತ್ತಿರಲಿಲ್ಲ.

ಕೇಕು ಹಂಚಿ ಮುಗಿಯುವಾಗ ಗೇಟು ಗರಗರ ಎಂದಿತು. "ಹ್ಞೂ, ಆಯ್ತು. ಬೇಗ ಬೇಗ. ಬಗ್ಗಿಕೊಂಡು ಹೋಗಿ," ಎಂದಿತು ಡಬ್ಬಿ.

ವ್ಯಾನಿನವನು ಒಳಗೆ ನುಗ್ಗಿ ಅತ್ತೆಯ ಮೂಗಿನ ಹತ್ತಿರ ಬೆರಳು ಹಿಡಿದ. ಕೈ ಹಿಡಿದು ನೋಡಿದ. "ಹೋಗ್ಬಿಟ್ಟಿದೆ ಕಣಮ್ಮ," ಎಂದು ಟೋಪಿ ತೆಗೆದ.

"ಏನಂತೆ?" ಎಂದಿತು ಡಬ್ಬಿ.

ಸೊಸೆ ಅತ್ತೆಯ ಕಣ್ಣು ಮುಚ್ಚಿಸಿದಳು.

"ಓ. ಸರಿ. ಹಾಗಾದ್ರೆ ಇನ್ನೇನು ಅವಸರ? ಒಳಗೆ ತಗೊಂಡು ಹೋಗಿ. ನಾಳೆ ಹನ್ನೊಂದಕ್ಕೆ ಇವರು ಖಾಲಿ ಮಾಡ್ತಾರೆ, ಆಮೇಲೆ ಆರಾಮಾಗಿ ಸಾಗ್ಸಿ. ಎರಡಕ್ಕೆ ಬೇರೆಯವರು ಬರ್ತಾರೆ, ಅಷ್ಟರಲ್ಲಿ ರೂಮುಗಳು ರೆಡಿ ಇರ್ಬೇಕು. ಮತ್ತೆ ಕೇಳಿ ಇಲ್ಲಿ. ಸದ್ದು ಬೇಡ. ಅತ್ತು ಗಿತ್ತು ಮಾಡೋದೆಲ್ಲ ಬೇಡ. ಮನೇಲಿ ಹೆಣ ಇತ್ತು ಅಂತ ಒಬ್ಬ ಒಂದು ಸಾಲು ಬರೆದ್ರೂ ನನ್ನ ಕತೆ ಮುಗೀತು."

"ನಿನ್ನ ಮನೆ ಹಾಳಾಗ!" ಎಂದ ವ್ಯಾನಿನವನು. "ಮನುಷ್ಯನೇನೋ ನೀನು?"

"ಅವನನ್ನ ಆಚೆ ಕಳ್ಸು. ಇಲ್ಲಾಂದ್ರೆ ಪೊಲೀಸಿಗೆ ಫೋನ್ ಮಾಡ್ತೀನಿ, ನುಗ್ಗಿದಾನೆ ಅಂತ."

ಮೂಗನೇ ವ್ಯಾನಿನವನ ತೋಳು ಹಿಡಿದು, ಬೇಡ ಎನ್ನುವಂತೆ ತಲೆಯಾಡಿಸಿ ಆಚೆ ಬಿಟ್ಟು ಬಂದ. ಗೇಟು ಮುಚ್ಚಿಕೊಂಡಿತು. ಗಂಡ ಹೆಂಡತಿ ಮತ್ತೆ ಹೊದಿಕೆಯ ಮೂಲೆಗಳನ್ನು ಹಿಡಿದರು.

"ಒಂದ್ನಿಮಿಷ," ಎಂದಿತು ಡಬ್ಬಿ. "ಅದು ಗೆಸ್ಟ್ ಶೀಟಾ?"

ಸೊಸೆ ನಿಂತಳು.

"ಒಗೆದು ವಾಪಸ್ ಇಡು."

*

ಆ ರಾತ್ರಿ ಮೂಗ ಟವೆಲು ಬಾಯಿಗೆ ತುರುಕಿಕೊಂಡು ಅತ್ತ. ಸೊಸೆ ಅಳಲಿಲ್ಲ. ಅತ್ತೆಯ ಕಾಲುಬೆರಳ ಸಂದಿಯ ಸೋಪು ತೊಳೆದಳು. ಬೆಳಿಗ್ಗೆ ಎದ್ದು, ಹೇಳಿದ ಹಾಗೆಯೇ, ಆ ಹೊದಿಕೆಯನ್ನೂ ಒಗೆದಳು. ಒಬ್ಬಳೇ ಹಿಂಡಲು ಹೋಗಿ ಆಗದೆ, ನೀರು ಸುರಿಯುತ್ತಿದ್ದ ಹಾಗೇ ತಂತಿಗೆ ಎಸೆದಳು.

ಎಳೆಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ, ಬಾಡಿಗೆಯವರ ಪೈಕಿ ಕೆಂಪು ಕನ್ನಡಕದ ಹೆಂಗಸೊಬ್ಬಳು ಮನೆ ಸುತ್ತಿಕೊಂಡು ಹಿಂದಕ್ಕೆ ಬಂದಳು. ಇಲ್ಲಿಯವರೆಗೆ ಯಾರೂ ಹಾಗೆ ಬಂದಿರಲಿಲ್ಲ.

"ಯಾರಾದ್ರೂ ಇದೀರಾ? ಒಂದು ಟವೆಲು ಬೇಕಿತ್ತು..."

ಕೋಣೆಯ ಬಾಗಿಲಲ್ಲಿ ಬಗ್ಗಿ ನೋಡಿದವಳು ಗೋಡೆ ಹಿಡಿದುಕೊಂಡಳು.

"ಅಯ್ಯೋ. ಇವರು... ಯಾವಾಗ?"

"ನಿನ್ನೆ. ನೀವು ಕೇಕು ಕತ್ತರಿಸೋ ಹೊತ್ತಿಗೆ," ಎಂದಳು ಸೊಸೆ.

"ನಾವು ಅಲ್ಲೇ ಇದ್ವಲ್ಲಾ! ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಿಲ್ವಾ?"

"ವ್ಯಾನು ಬಂದಿತ್ತಮ್ಮ. ಗೇಟು ತೆಗೀಲಿಲ್ಲ."

"ತೆಗೀಲಿಲ್ಲ ಅಂದ್ರೆ?"

"ಸಾರ್ ತೆಗೀಲಿಲ್ಲ. ನೀವು ವಿಡಿಯೋ ಮಾಡ್ತಿದ್ರಿ ಅಂತ."

ಕೆಂಪು ಕನ್ನಡಕದವಳು ಗೇಟಿನ ಕಡೆ ತಿರುಗಿ ಕೈ ತೋರಿಸಿದಳು.

"ನಮ್ಮ ಹತ್ರ ನಂಬರಿತ್ತಲ್ಲಮ್ಮಾ! ಗೇಟಿನ ಕಂಬದಲ್ಲಿ ಅಂಕಿಗಳಿಲ್ವಾ, ಅಲ್ಲಿ ಒತ್ತಿದ್ರೆ ತೆಗೆಯುತ್ತೆ. ಬಂದ ದಿನವೇ ಕೊಟ್ಟಿದ್ರು. ನಾವೇ ಎಷ್ಟು ಸಲ ತೆಗೆದು ಹೋಗಿ ಬಂದಿದೀವಿ. ಒಂದು ಮಾತು ಹೇಳ್ಬಾರದಿತ್ತಾ? ಒಂದು ಸಲ ಕೂಗ್ಬಾರದಿತ್ತಾ?"

ಆ ಅಂಕಿಗಳ ಫಲಕವನ್ನು ಸೊಸೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬಾಡಿಗೆಯವರಿಗೂ ಗೇಟು ತೆಗೆಯುವುದು ಡಬ್ಬಿಯೇ ಎಂದುಕೊಂಡಿದ್ದಳು. ಅವರು ಬಂದಾಗ ಹೋದಾಗ ನೋಡಿದ್ದರೆ ತಿಳಿಯುತ್ತಿತ್ತೇನೋ. ನೋಡುವಂತಿರಲಿಲ್ಲ. ಅವರ ಕಾರಿನ ಸದ್ದು ಕೇಳಿದ ಕೂಡಲೇ ಮರೆಗೆ ಸರಿಯಬೇಕಿತ್ತಲ್ಲ.

ಬೇಲಿಗಿಡದಿಂದ ಹುಲ್ಲಿಗೆ ಒಂದು ಕೂಗಿನಷ್ಟು ದೂರವೂ ಇರಲಿಲ್ಲ. ಒಂದು ಕೆಮ್ಮಿನಷ್ಟು.

ಸೊಸೆ ಮೂಗನ ಕಡೆ ನೋಡಿದಳು. ಮೂಗ ನೆಲ ನೋಡಿದ.

"ಈಗ ಬಂದು ಒತ್ತಿ," ಎಂದಳು ಸೊಸೆ.

"ಈಗ... ಒಂದ್ನಿಮಿಷ, ನಮ್ಮನೆಯವರಿಗೆ ಒಂದು ಮಾತು..." ಎಂದ ಕೆಂಪು ಕನ್ನಡಕದವಳು, ಅತ್ತೆಯ ಕಡೆಗೊಮ್ಮೆ ನೋಡಿ, "ಬೇಡ ಬಿಡಿ. ನಡೀರಿ, ಒತ್ತುತೀನಿ," ಎಂದಳು.

ಸೊಸೆ ನೇರ ಮನೆಯೊಳಗೆ ಹೋದಳು, ಮುಂಬಾಗಿಲಿನಿಂದ. ತಿಂಡಿ ತಿನ್ನುತ್ತಿದ್ದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ, ಹೆಚ್ಚು ಜನ ಬಂದರೆ ಇರಲೆಂದು ಮಡಚಿಟ್ಟಿದ್ದ ಚಕ್ರದ ಮಂಚವನ್ನು ಎಳೆದುಕೊಂಡು ಬಂದಳು. ಸಾವಿರ ಸಲ ಅದರ ಮೇಲೆ ಹಾಸಿಗೆ ಹಾಸಿದ್ದಳು, ಒಂದು ದಿನವೂ ಅದರ ಮೇಲೆ ಕೂತವಳಲ್ಲ. ಕಪಾಟಿನ ಹೊಸ ಬಿಳಿ ಹೊದಿಕೆಯನ್ನು ಒದರಿ ಹಾಸಿದಳು. ಸುಕ್ಕು ಬಿಡಿಸಿದಳು.

"ಬೇಡ ಕಣೆ," ಎಂದ ಮೂಗ. "ಸುಮ್ನೆ ಹಿಂದಿಂದಾನೇ..."

"ಹಿಂದಿಂದ ಸಾಕು. ತಲೆ ಕಡೆ ಹಿಡೀರಿ."

ಅತ್ತೆಯನ್ನು ಮಂಚದ ಮೇಲೆ ಮಲಗಿಸಿ ಮನೆಯ ಮುಂದಿನ ದಾರಿಯಲ್ಲೇ, ಈಜುಕೊಳ, ನಿನ್ನೆಯ ಬಲೂನು, ಮೂರು ಕಾರು ದಾಟಿಕೊಂಡು ತಳ್ಳಿದರು. ಬಾಡಿಗೆಯವರು ಒಬ್ಬೊಬ್ಬರಾಗಿ ಎದ್ದು ಹೊರಗೆ ಬಂದು ನಿಂತರು. "ನಮಗ್ಯಾಕೆ ಬೇಕಿತ್ತೇ ಇದೆಲ್ಲ?" ಎಂದು ಒಬ್ಬ ಗಂಡಸು ಪಿಸುಗುಟ್ಟಿದ. ಕೆಂಪು ಕನ್ನಡಕದವಳು ಅವನಿಗೆ ಉತ್ತರ ಕೊಡದೆ ಹೋಗಿ ಅಂಕಿಗಳನ್ನು ಒತ್ತಿದಳು.

ಗೇಟು ಪೂರ್ತಿ ತೆರೆಯಿತು. ಅಷ್ಟು ಅಗಲ ತೆರೆದ ಗೇಟಿನಲ್ಲಿ ಅತ್ತೆ ಎಂದೂ ನಡೆದಿರಲಿಲ್ಲ.

ಹೊರಗೆ ವ್ಯಾನಿನವನು ಬೆಳಿಗ್ಗೆಯಿಂದಲೇ ಬಂದು ನಿಂತಿದ್ದ. ಜೊತೆಯಲ್ಲಿ ಪಕ್ಕದ ಬೀದಿಯ ಒಗೆಯುವವಳು, ಗುಡಿಸುವವನು, ಆಚೆ ಬಂಗಲೆಗಳ ಕಾವಲಿನವರು. ಮಂಚ ಗೇಟಿನ ಗೆರೆಗೆ ಬಂತು. ಮುಂದಿನ, ತಲೆ ಕಡೆಯ ಒಂದು ಚಕ್ರ ಗೇಟು ಜಾರುವ ಹಳಿಯ ಸಂದಿಗೆ ಇಳಿದು ಸಿಕ್ಕಿಕೊಂಡಿತು. ಮೂಗ ಎತ್ತಲು ಬಗ್ಗಿದ.

ಸೊಸೆ ಹಳಿಯನ್ನು ನೋಡಿದಳು. ಆಚೆಗೂ ಈಚೆಗೂ ನೋಡಿದಳು. ಒಳಗೆ ಮೂರು ಕಾರು. ಹೊರಗೆ ರಸ್ತೆ.

"ಬಿಡಿ," ಎಂದಳು.

"ಸಿಕ್ಕೊಂಡಿದೆ ಕಣೆ, ಎತ್ತಿದ್ರೆ..."

"ಬಿಡಿ ಅಂದೆ. ಇಲ್ಲೇ ಇರ್ಲಿ."

ಚಕ್ರದ ಕೊಂಡಿಯನ್ನು ಕಾಲಿನಿಂದ ಒತ್ತಿ ಬಿಗಿದಳು. ಮಂಚದ ತಲೆಯ ಹತ್ತಿರ ನೆಲದ ಮೇಲೆ ಕೂತಳು. ಕೂತು, ನಿನ್ನೆಯಿಂದ ನುಂಗಿಕೊಂಡಿದ್ದ ದನಿಯನ್ನು ಬಿಟ್ಟಳು.

"ಅಯ್ಯೋ ನನ್ನತ್ತೇ! ಗೇಟು ತೆಗೆದವ್ರೆ ನೋಡೇ! ಪೂರ್ತಿ ತೆಗೆದವ್ರೆ ಕಣೇ! ಏಳೇ, ಎದ್ದು ಹೋಗೇ ಈಗ! ನಾನು ಮುಂಡೆ ಬಾಯಿ ಮುಚ್ಕೊಂಡು ಕೂತ್ನಲ್ಲೇ, ಒಂದು ಮಾತು ಕೂಗ್ದೆ ಹೋದ್ನಲ್ಲೇ..."

ಆ ದನಿಗೆ ಬೀದಿಯ ಕಿಟಕಿಗಳು ತೆರೆದುಕೊಂಡವು. ಡಬ್ಬಿಯ ಪುಟ್ಟ ದೀಪ ಹತ್ತಿತು.

"ಏಯ್! ಯಾರು ಗೇಟು ತೆಗೆದಿದ್ದು? ಏನಿದು? ಅದು ನನ್ನ ಎಕ್ಸ್‌ಟ್ರಾ ಬೆಡ್ಡಲ್ವಾ? ಸರ್ಸು ಅದನ್ನ!"

ಸೊಸೆ ಅಳುತ್ತಲೇ ಇದ್ದಳು.

"ಏ ಹೆಂಗ್ಸೇ, ನಿಂಗೇ ಹೇಳ್ತಿರೋದು. ಮೊದ್ಲು ಅಳೋದು ನಿಲ್ಸು. ಪೊಲೀಸ್ ಕರೆಸ್ತೀನಿ ನೋಡು."

"ಕರಿ," ಎಂದಳು ಅವಳು, ಮುಖ ಒರೆಸಿಕೊಂಡು. ಅವನಿಗೆ ಅವಳು ಏಕವಚನ ಹಚ್ಚಿದ್ದು ಅದೇ ಮೊದಲು. "ಅವರೂ ಇದೇ ಗೇಟಿಂದ ಬರ್ಬೇಕು. ಅವರೂ ನೋಡ್ಲಿ."

ಬಾಡಿಗೆಯವರಲ್ಲಿ ಒಬ್ಬ ಡಬ್ಬಿಯ ಮುಂದೆ ಬಂದು ಗದರಿದ. "ರೀ ಸ್ವಾಮಿ, ಹೆಣ ಮನೇಲಿಟ್ಟುಕೊಂಡು ನಮ್ಮನ್ನ ಅಲ್ಲೇ ಮಲಗ್ಸಿದ್ರಾ? ನಮ್ಮ ಕಾರು ಆಚೆ ಹೋಗೋದು ಹೇಗ್ರೀ?"

"ಸಾರಿ ಸರ್, ವೆರಿ ಸಾರಿ. ಎರಡೇ ನಿಮಿಷ. ಸ್ಟಾಫ್ ನಾಟಕ ಸರ್ ಇದು," ಎಂದಿತು ಡಬ್ಬಿ ಬೆಣ್ಣೆಯಂಥ ದನಿಯಲ್ಲಿ. ಆಮೇಲೆ ಬೇರೆ ದನಿಯಲ್ಲಿ: "ಲೋ ಮೂಗ! ಗಂಡಸೇನೋ ನೀನು? ಅವಳ ಜುಟ್ಟು ಹಿಡಿದು ಆಚೆ ಎಳಿ. ಎಳೀತೀಯೋ, ರೋಡಿಗೆ ಬೀಳ್ತೀಯೋ?"

ಮೂಗ ಡಬ್ಬಿಯನ್ನು ನೋಡಿದ. ಹೆಂಡತಿಯನ್ನು ನೋಡಿದ.

"ಅವ್ವಂಗೆ ಬಿಸಿಲು ಬಡೀತಿದೆ ಕಣೆ," ಎಂದ ಮೆತ್ತಗೆ. "ಸಾಕು. ಕರ್ಕೊಂಡು ಹೋಗೋಣ."

"ನಿನ್ನೆ ನೀವು ನನ್ನ ರಟ್ಟೆ ಹಿಡಿದ್ರಿ. ನಾನೂ ನಿಂತೆ," ಎಂದಳು ಸೊಸೆ. "ಇವತ್ತು ಹಿಡೀಬೇಡಿ."

ಮೂಗ ಹೋಗಿ ಮಂಚದ ಇನ್ನೊಂದು ಬದಿಗೆ, ಹಳಿಯ ಮೇಲೆಯೇ ಕೂತ.

ಅಷ್ಟರಲ್ಲಿ, ಎರಡಕ್ಕೆ ಬರಬೇಕಿದ್ದವರು ಬೇಗನೆ ಬಂದರು. ಹೊಸ ಕಾರು, ಮೇಲೆ ಕಟ್ಟಿದ ಸೈಕಲ್ಲುಗಳು. ಹಾರನ್ನು ಹೊಡೆದರು, ಇಳಿದರು, ನೋಡಿದರು, ಫೋನು ಎತ್ತಿ ಹಿಡಿದರು.

"ಅಯ್ಯೋ ವಿಡಿಯೋ ಬೇಡ ಸರ್, ದಯವಿಟ್ಟು!" ಡಬ್ಬಿ ಕಿರುಚಿತು. "ಏನಮ್ಮಾ, ಕೈ ಮುಗೀತೀನಿ. ಏನ್ ಬೇಕು ನಿಂಗೆ? ಹೇಳು, ಏನಾದ್ರೂ ಹೇಳು. ಕೊಡ್ತೀನಿ."

"ಕೈ ಮುಗೀತೀಯಾ? ಕಾಣ್ತಿಲ್ವಲ್ಲ."

"ಏನ್ ಬೇಕು ಹೇಳಮ್ಮಾ!"

"ನೀನು ಬೇಕು. ನಿನ್ನ ಮುಖ ಬೇಕು. ಬಾ. ಬಂದು ನಮ್ಮತ್ತೇನ ತಲೆ ಕಡೆ ಹಿಡಿದು ಎತ್ತು. ನೀನು ಎತ್ತಿದ್ರೆ ಗೇಟು ಬಿಡ್ತೀವಿ."

"ಎಂಟು ಗಂಟೆ ದಾರಿ ಕಣಮ್ಮಾ! ಈ ಬಿಸಿಲಲ್ಲಿ ಹೆಣ ಕೊಳೆಯುತ್ತೆ!"

"ಕೊಳೀಲಿ. ನಿನ್ನ ಬಾಗಿಲಲ್ಲೇ ಕೊಳೀಲಿ. ನಾರೋದು ಫೋಟೋದಲ್ಲಿ ಬರುತ್ತಾ ನೋಡೋಣ." ಅವಳು ಎದ್ದು ಗಾಜಿನ ಕಣ್ಣಿಗೆ ಮುಖ ಹಚ್ಚುವಷ್ಟು ಹತ್ತಿರ ಬಂದಳು. "ಹೊರಡೋ ಸೂಳೆಮಗನೆ. ನಾವು ಕಾಯ್ತೀವಿ. ನಮಗೆ ಕಾಯೋದು ಕಲ್ಸಿದೋನೇ ನೀನು."

ಡಬ್ಬಿಯ ದೀಪ ಉರಿಯುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಗೇಟು ಗರಗರ ಎಂದಿತು. ಎಂಟು ಗಂಟೆ ದಾರಿಯಾಚೆ ಅವನು ಮುಚ್ಚುವ ಗುಂಡಿ ಒತ್ತಿದ್ದ. ಭಾರದ ಕಬ್ಬಿಣ ಹಳಿಯ ಮೇಲೆ ತೆವಳುತ್ತ ಬಂತು. ನಿಂತವರು ಹೋ ಎಂದರು. ಮೂಗ ಅಲುಗಲಿಲ್ಲ. ದಾರಿಗೆ ಏನಾದರೂ ಅಡ್ಡವಿದ್ದರೆ, ಕಾರುಗಳಿಗೆ ಗೀರು ಬೀಳಬಾರದೆಂದು, ಗೇಟು ತಾನಾಗಿ ಹಿಂದೆ ಸರಿಯುವಂತೆ ಡಬ್ಬಿಸಾಹುಕಾರನೇ ಮಾಡಿಸಿದ್ದ. ಅತ್ತೆಯ ತಲೆಗೆ ಒಂದು ಗೇಣು ದೂರ ಬಂದು ಅದು ನಿಂತಿತು, ನಡುಗಿತು, ಹಿಂದೆ ಸರಿಯಿತು.

ಅವನು ಮತ್ತೆ ಒತ್ತಿದ. ಗೇಟು ಮತ್ತೆ ಬಂತು, ನಿಂತಿತು, ಹೋಯಿತು. ಮತ್ತೆ ಒತ್ತಿದ.

ಬಿಸಿಲು ನೆತ್ತಿಗೆ ಏರುತ್ತಿತ್ತು. ಬಾಡಿಗೆಯವರು ಕಾರಿನ ನೆರಳಿಗೆ ಸರಿದರು. ಒಗೆಯುವವಳು ಬಂದು ಸೊಸೆಯ ಪಕ್ಕ ಕೂತಳು, ಗುಡಿಸುವವನು ಮೂಗನ ಪಕ್ಕ ಕೂತ. ಗೇಟು ಹತ್ತಿರ ಬಂದಾಗಲೆಲ್ಲ ಅದರ ನೆರಳು ಅತ್ತೆಯ ಮುಖದ ಮೇಲೆ ಬೀಳುತ್ತಿತ್ತು, ನೊಣಗಳು ಏಳುತ್ತಿದ್ದವು. ಸರಿದಾಗ ಮತ್ತೆ ಬಿಸಿಲು, ಮತ್ತೆ ನೊಣ.

"ಒತ್ತು," ಎಂದಳು ಸೊಸೆ ಡಬ್ಬಿಯ ಕಡೆ ತಿರುಗದೆ. "ಒತ್ತುತಾ ಇರು. ಅತ್ತೆಗೆ ನೆರಳಾಗುತ್ತೆ."